‘ಸೂಪರ್’ ಒಂದೇ ಸಾಲದು: ಇಂಗ್ಲಿಷಿನಲ್ಲಿ ಮೆಚ್ಚುಗೆ ಹೇಳುವ ಬಗೆ

ಆನೆಗೊಂದಿಯ ಹೋಂಸ್ಟೇಗಳಲ್ಲಿ, ಕಿನ್ನಾಳದ ಗೊಂಬೆ ಮಾಡುವ ಮನೆಗಳಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳ ಕಚೇರಿಗಳಲ್ಲಿ, ಕೊಪ್ಪಳದಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೊರಟ ಪದವೀಧರರ ಬಾಯಲ್ಲಿ ಇಂಗ್ಲಿಷ್ ಈಗ ಅಪರೂಪವೇನೂ ಅಲ್ಲ. ಬೆಲೆ ಹೇಳುತ್ತಾರೆ, ದಾರಿ ಹೇಳುತ್ತಾರೆ, ಜಗಳವನ್ನೂ ಆಡುತ್ತಾರೆ. ಯಾವುದನ್ನಾದರೂ ಮೆಚ್ಚಬೇಕಾಗಿ ಬಂದಾಗ ಮಾತ್ರ ಮೂರೇ ಮಾತಿಗೆ ನಿಂತುಬಿಡುತ್ತಾರೆ: ‘ಸೂಪರ್’, ‘ನೈಸ್’, ‘ವೆರಿ ಗುಡ್’. ಊಟಕ್ಕೂ ಅದೇ, ಭಾಷಣಕ್ಕೂ ಅದೇ, ಅಧಿಕಾರಿಯ ವರ್ಗಾವಣೆಗೂ ಅದೇ. ಈ ಪದಗಳಲ್ಲಿ ತಪ್ಪೇನೂ ಇಲ್ಲ. ಆದರೆ ಎಲ್ಲದಕ್ಕೂ ಒಂದೇ ಪದ ಬಿದ್ದರೆ ಯಾವುದನ್ನು ಮೆಚ್ಚಿದಿರಿ, ಎಷ್ಟು ಮೆಚ್ಚಿದಿರಿ ಎಂಬುದು ಕೇಳಿದವರಿಗೆ ತಿಳಿಯುವುದೇ ಇಲ್ಲ.

ಅದೇ ಜನ ಕನ್ನಡದಲ್ಲಿ ಎಷ್ಟು ಎಚ್ಚರವಾಗಿರುತ್ತಾರೆ ನೋಡಿ. ಊಟ ಸಾಧಾರಣವಾಗಿದ್ದರೆ ‘ಅಡ್ಡಿಯಿಲ್ಲ’. ನಾಲಿಗೆಗೆ ಹಿಡಿಸಿದರೆ ‘ಚಲೋ ಇದೆ’. ಕುಸ್ತಿಯಲ್ಲಿ ಹುಡುಗ ಗೆದ್ದರೆ ‘ಭಲೇ’, ‘ಶಹಬ್ಬಾಸ್’. ಪ್ರವಚನ ಮುಗಿಸಿ ಬಂದ ಸ್ವಾಮಿಗಳ ಬೆನ್ನು ತಟ್ಟಿ ‘ಶಹಬ್ಬಾಸ್’ ಎನ್ನುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಎಷ್ಟು ಮೆಚ್ಚಬೇಕು, ಯಾರನ್ನು ಮೆಚ್ಚುತ್ತಿದ್ದೇವೆ, ಯಾವುದಕ್ಕಾಗಿ ಎಂಬ ಲೆಕ್ಕ ಬಾಯಿ ತೆರೆಯುವ ಮೊದಲೇ ಮುಗಿದಿರುತ್ತದೆ. ಇಂಗ್ಲಿಷಿಗೂ ಈ ಲೆಕ್ಕವಿದೆ; ಶಾಲೆಯಲ್ಲಿ ಅದನ್ನು ಹೇಳಿಕೊಡುವವರು ಕಡಿಮೆ. ಸುಮಾರಾಗಿ ಇಂಗ್ಲಿಷ್ ಬಲ್ಲ, ಇನ್ನಷ್ಟು ಹದವಾಗಿ ಆಡಬೇಕೆಂಬ ಆಸೆಯಿರುವ ಓದುಗರಿಗಾಗಿ ಈ ಬರಹ.

ಮೊದಲ ಹೆಜ್ಜೆ: ಒಪ್ಪಿಗೆಯೋ ಹೊಗಳಿಕೆಯೋ ತೀರ್ಮಾನಿಸಿ

ಬಳ್ಳಾರಿಯ ಜೀನ್ಸ್ ತಯಾರಕರೊಬ್ಬರು ಮುಂಬೈಯ ವ್ಯಾಪಾರಿಗೆ ಪ್ಯಾಂಟಿನ ಮಾದರಿ ಕಳುಹಿಸುತ್ತಾರೆ ಎಂದುಕೊಳ್ಳಿ. ಅಲ್ಲಿಂದ ‘ಲುಕ್ಸ್ ಗುಡ್, ಪ್ಲೀಸ್ ಗೋ ಅಹೆಡ್’ ಎಂಬ ಸಂದೇಶ ಬರುತ್ತದೆ. ಇದು ಹೊಗಳಿಕೆಯಲ್ಲ, ಕೆಲಸ ಮುಂದುವರಿಸಲು ಸಿಕ್ಕ ಒಪ್ಪಿಗೆ. ಇಂಥ ಒಪ್ಪಿಗೆಗೆ ಇಂಗ್ಲಿಷಿನಲ್ಲಿ ತಣ್ಣನೆಯ ಮಾತುಗಳ ಒಂದು ಗುಂಪೇ ಇದೆ. ಯಾರಾದರೂ ಏನನ್ನಾದರೂ ಸೂಚಿಸಿದಾಗ ‘ಸೌಂಡ್ಸ್ ಗುಡ್’. ಕಾಗದವನ್ನೋ ಚಿತ್ರವನ್ನೋ ನೋಡಿ ಒಪ್ಪಿದಾಗ ‘ಲುಕ್ಸ್ ಗುಡ್ ಟು ಮಿ’. ನಿಮಗೆ ತಕರಾರಿಲ್ಲ ಎನ್ನಲು ‘ದಟ್ಸ್ ಫೈನ್ ವಿತ್ ಮಿ’. ‘ನೋಟೆಡ್’ ಎಂಬುದು ಒಪ್ಪಿಗೆಯೂ ಅಲ್ಲ. ಓದಿದ್ದೇನೆ ಎಂದಷ್ಟೇ ಅದರ ಅರ್ಥ. ‘ನೋಟೆಡ್’ ನೋಡಿ ಖುಷಿಪಟ್ಟು ಸರಕು ಕಳುಹಿಸಿಬಿಡಬೇಡಿ.

‘ಅಪ್ರೂವ್’ ಎಂಬ ಕ್ರಿಯಾಪದಕ್ಕೆ ಎರಡು ದಾರಿಗಳಿವೆ. ‘ದ ಮ್ಯಾನೇಜರ್ ಅಪ್ರೂವ್ಡ್ ಮೈ ಲೀವ್’ ಎಂದರೆ ರಜೆ ಮಂಜೂರಾಯಿತು. ‘ಮೈ ಫಾದರ್ ಅಪ್ರೂವ್ಸ್ ಆಫ್ ಮೈ ಜಾಬ್’ ಎಂದರೆ ನನ್ನ ಕೆಲಸ ಅಪ್ಪನಿಗೆ ಸಮ್ಮತ, ಅದು ಅವರ ಮನಸ್ಸಿಗೆ ಬಂದಿದೆ. ‘ಆಫ್’ ಸೇರಿದರೆ ಮನಸ್ಸಿನ ಮಾತು, ಸೇರದಿದ್ದರೆ ಸಹಿ, ಮೊಹರಿನ ಮಾತು. ‘ಮೈ ಫಾದರ್ ಅಪ್ರೂವ್ಡ್ ಮೈ ಜಾಬ್’ ಎಂದು ಸಂದರ್ಶನದಲ್ಲಿ ಹೇಳಿದರೆ ಅಪ್ಪನೇ ಕಂಪನಿಯ ಮಾಲೀಕರೇನೋ ಎಂದು ಎದುರಿದ್ದವರು ಅನುಮಾನಪಡಬಹುದು.

‘ಫೈನ್’ ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ನಾಮಪದದ ಮುಂದೆ ಕುಳಿತು ‘ಎ ಫೈನ್ ಪೀಸ್ ಆಫ್ ವರ್ಕ್’ ಎಂದಾದರೆ ಅದು ದೊಡ್ಡ ಹೊಗಳಿಕೆ. ವಾಕ್ಯದ ಕೊನೆಯಲ್ಲಿ ‘ಇಟ್ಸ್ ಫೈನ್’ ಎಂದಾದರೆ ನಮ್ಮ ‘ಅಡ್ಡಿಯಿಲ್ಲ’. ಅಡುಗೆ ಹೇಗಿತ್ತು ಎಂದು ಅತಿಥಿಯನ್ನು ಕೇಳಿದಾಗ ‘ಇಟ್ ವಾಸ್ ಫೈನ್’ ಎಂಬ ಉತ್ತರ ಬಂದರೆ ನಾಳೆ ಉಪ್ಪು ಖಾರ ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಎತ್ತರ ನೋಡಿ ಪದ ಆರಿಸಿ

ಕೆಳಗಿನಿಂದ ಮೇಲಕ್ಕೆ ಹತ್ತೋಣ. ‘ಓಕೆ’, ‘ಫೈನ್’, ‘ಸ್ಯಾಟಿಸ್ಫ್ಯಾಕ್ಟರಿ’ ಇವು ನೆಲಮಟ್ಟದವು. ಮಕ್ಕಳ ಅಂಕಪಟ್ಟಿಯಲ್ಲಿ ‘ಸ್ಯಾಟಿಸ್ಫ್ಯಾಕ್ಟರಿ’ ಎಂದು ಬರೆದಿದ್ದರೆ ಸಿಹಿ ಹಂಚುವ ಅಗತ್ಯವಿಲ್ಲ. ‘ಡೀಸೆಂಟ್’ ಒಂದು ಮೆಟ್ಟಿಲು ಮೇಲೆ. ನಿರೀಕ್ಷೆಗೆ ಮೋಸವಾಗಿಲ್ಲ ಎಂಬಷ್ಟು. ಆಮೇಲೆ ‘ಗುಡ್’, ‘ವೆರಿ ಗುಡ್’, ‘ಗ್ರೇಟ್’. ಅದರ ಮೇಲೆ ‘ಎಕ್ಸಲೆಂಟ್’, ‘ಸುಪರ್ಬ್’, ‘ಫೆಂಟಾಸ್ಟಿಕ್’, ‘ವಂಡರ್‌ಫುಲ್’. ತುದಿಯಲ್ಲಿ ‘ಔಟ್‌ಸ್ಟ್ಯಾಂಡಿಂಗ್’, ‘ಎಕ್ಸೆಪ್ಷನಲ್’: ಉಳಿದವರೆಲ್ಲರಿಂದ ಬೇರೆಯಾಗಿ ಎದ್ದು ಕಾಣುವಂಥದ್ದಕ್ಕೆ ಮಾತ್ರ ಇವು ಸಲ್ಲುತ್ತವೆ.

ಮೇಲಿನ ಮೆಟ್ಟಿಲುಗಳಲ್ಲಿ ನಿಂತ ಪದಗಳಿಗೆ ‘ವೆರಿ’ ಹಚ್ಚುವುದಿಲ್ಲ. ‘ವೆರಿ ಎಕ್ಸಲೆಂಟ್’, ‘ವೆರಿ ಫೆಂಟಾಸ್ಟಿಕ್’, ‘ವೆರಿ ಡೆಲಿಶಸ್’ ಎಂಬುವು ನಮ್ಮ ಕಡೆ ನಿತ್ಯ ಕೇಳಿಬರುತ್ತವೆ. ‘ಎಕ್ಸಲೆಂಟ್’ ಎಂಬ ಪದದೊಳಗೆ ‘ವೆರಿ’ ಆಗಲೇ ಸೇರಿದೆ. ಇನ್ನೂ ಒತ್ತು ಬೇಕೆನಿಸಿದರೆ ‘ಆಬ್ಸಲ್ಯೂಟ್ಲಿ’ ಅಥವಾ ‘ರಿಯಲಿ’ ಬಳಸಿ: ‘ದ ರೊಟ್ಟಿ ವಾಸ್ ಆಬ್ಸಲ್ಯೂಟ್ಲಿ ಡೆಲಿಶಸ್’. ‘ರಿಯಲಿ’ ಎಂಬುದು ಗುಡ್, ನೈಸ್, ಎಕ್ಸಲೆಂಟ್ ಎಲ್ಲದರ ಜೊತೆಗೂ ಹೊಂದಿಕೊಳ್ಳುವ ಸಾಧು ಪದ. ಯಾವುದೆಂದು ಗೊತ್ತಾಗದಿದ್ದರೆ ಅದನ್ನೇ ಹಾಕಿ.

ಆನೆಗೊಂದಿ, ಸಣಾಪುರದ ಕಡೆ ಹೊರದೇಶದವರ ಜೊತೆ ವ್ಯವಹರಿಸುವವರಿಗೆ ಇನ್ನೊಂದು ತೊಡಕಿದೆ: ಈ ಮೆಟ್ಟಿಲುಗಳ ಎತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದವರು ‘ಕ್ವೈಟ್ ಗುಡ್’ ಎಂದರೆ ಬಹಳ ಚೆನ್ನಾಗಿದೆ ಎಂದು. ಬ್ರಿಟನ್ನಿನವರು ಅದನ್ನೇ ಹೇಳಿದರೆ ಬಹುಮಟ್ಟಿಗೆ ‘ತಕ್ಕಮಟ್ಟಿಗಿದೆ’ ಎಂದು. ಅದೇ ಬ್ರಿಟನ್ನಿನವರು ‘ನಾಟ್ ಬ್ಯಾಡ್’ ಎಂದು ಹುಬ್ಬೇರಿಸಿದರೆ ಬೇಸರಪಡಬೇಕಿಲ್ಲ. ಅದು ನಿಜವಾದ ಮೆಚ್ಚುಗೆಯೇ ಇರಬಹುದು. ನಮ್ಮ ಹಿರಿಯರು ‘ಅಡ್ಡಿಯಿಲ್ಲ’ ಎನ್ನುವುದರಲ್ಲೂ ಧ್ವನಿಯ ಮೇಲೆ ಅರ್ಥ ಏರಿಳಿಯುವುದಿಲ್ಲವೇ, ಹಾಗೆಯೇ ಇದು. ‘ಬ್ರಿಲಿಯಂಟ್’ ಎಂಬುದು ನಮಗೆ ಬುದ್ಧಿವಂತ ವಿದ್ಯಾರ್ಥಿಯ ಬಿರುದು. ಬ್ರಿಟನ್ನಿನವರಿಗೆ ಅದು ‘ಸರಿ, ಒಳ್ಳೆಯದಾಯಿತು’ ಎಂಬಷ್ಟೇ ಹಗುರ. ಬಾಡಿಗೆ ಬೈಕಿನ ಕೀಲಿ ಕೊಟ್ಟರೂ ‘ಬ್ರಿಲಿಯಂಟ್’ ಎನ್ನುತ್ತಾರೆ. ಅಮೆರಿಕದವರ ‘ಆಸಮ್’ ಕೂಡ ಇಷ್ಟೇ ಸವೆದಿದೆ. ಆಸ್ಟ್ರೇಲಿಯಾದವರು ‘ಗುಡ್ ಆನ್ ಯು’ ಎಂದರೆ ಅದು ಶಹಬ್ಬಾಸ್‌ಗಿರಿ. ‘ಗುಡ್ ಫಾರ್ ಯು’ ಮಾತ್ರ ಎರಡು ಅಲಗಿನ ಮಾತು. ಖುಷಿಯಿಂದಲೂ ಹೇಳಬಹುದು, ‘ನಿನ್ನ ಪಾಡು ನಿನಗೆ’ ಎಂಬ ಕೊಂಕಿನಿಂದಲೂ ಹೇಳಬಹುದು. ‘ಇಂಟರೆಸ್ಟಿಂಗ್’ ಎಂದು ನಿಧಾನವಾಗಿ ಎಳೆದು ಹೇಳಿದರೆ ಅದನ್ನು ಹೊಗಳಿಕೆಯ ಖಾತೆಗೆ ಜಮಾ ಮಾಡುವ ಮುನ್ನ ಎರಡು ಸಲ ಯೋಚಿಸಿ.

ಮೂರನೆಯ ಹೆಜ್ಜೆ: ಎದುರಿಗಿರುವವರು ಯಾರು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ‘ವೆಲ್ ಡನ್’, ‘ಗುಡ್ ಜಾಬ್’, ‘ಕೀಪ್ ಇಟ್ ಅಪ್’, ‘ಐ ಆಮ್ ಪ್ರೌಡ್ ಆಫ್ ಯು’ ಇವೆಲ್ಲ ಮೇಲಿನಿಂದ ಕೆಳಕ್ಕೆ ಹರಿಯುವ ಮಾತುಗಳು. ಗುರು ಶಿಷ್ಯನಿಗೆ, ತಾಯಿ ಮಗನಿಗೆ, ಅಧಿಕಾರಿ ಸಿಬ್ಬಂದಿಗೆ, ತರಬೇತುದಾರ ಆಟಗಾರನಿಗೆ ಹೇಳುವಂಥವು. ಸಮಾನರ ನಡುವೆಯೂ ನಡೆಯುತ್ತವೆ. ಕೆಳಗಿನಿಂದ ಮೇಲಕ್ಕೆ ಹೋದರೆ ಎಡವಟ್ಟು. ಕಾಲೇಜಿನ ಸಮಾರಂಭದಲ್ಲಿ ವಿಶ್ರಾಂತ ಪ್ರಾಧ್ಯಾಪಕರ ಭಾಷಣ ಮುಗಿದ ಮೇಲೆ ಇಪ್ಪತ್ತರ ಹುಡುಗ ಹತ್ತಿರ ಬಂದು ‘ಗುಡ್ ಜಾಬ್, ಸರ್, ಕೀಪ್ ಇಟ್ ಅಪ್’ ಎಂದರೆ ಗೌರವದ ‘ಸರ್’ ಇದ್ದರೂ ಅದು ಬೆನ್ನು ತಟ್ಟಿದಂತೆಯೇ. ಹುಡುಗನ ಮನಸ್ಸಿನಲ್ಲಿ ಕೊಂಚವೂ ಉದ್ಧಟತನವಿರಲಿಲ್ಲ, ಆದರೆ ಮಾತು ಹಾಗೆ ಕೇಳಿಸಿತು.

ಹಿರಿಯರನ್ನು ಮೆಚ್ಚುವಾಗ ತೀರ್ಪು ಕೊಡಬೇಡಿ, ನಿಮಗಾದ ಲಾಭ ಹೇಳಿ. ‘ಐ ಲರ್ನ್ಟ್ ಎ ಲಾಟ್ ಫ್ರಮ್ ಯುವರ್ ಟಾಕ್’, ‘ಐ ರಿಯಲಿ ಎಂಜಾಯ್ಡ್ ಯುವರ್ ಲೆಕ್ಚರ್, ಎಸ್ಪೆಷಲಿ ದ ಪಾರ್ಟ್ ಅಬೌಟ್ ಇರಿಗೇಷನ್’, ‘ಥ್ಯಾಂಕ್ ಯು ಫಾರ್ ಎಕ್ಸ್‌ಪ್ಲೇನಿಂಗ್ ಇಟ್ ಸೋ ಕ್ಲಿಯರ್ಲಿ’. ಇನ್ನೂ ಗಂಭೀರವಾಗಿ ಹೇಳಬೇಕಾದರೆ ‘ಐ ಅಡ್ಮೈರ್ ಯುವರ್ ಪೇಷನ್ಸ್’. ‘ಅಡ್ಮೈರ್’ ಎಂಬ ಕ್ರಿಯಾಪದದಲ್ಲಿ ಹೇಳುವವರು ತಾವೇ ಕೆಳಗೆ ನಿಂತು ಮೇಲಕ್ಕೆ ನೋಡುತ್ತಾರೆ, ಹಾಗಾಗಿ ಹಿರಿಯರಿಗೆ ಅದು ಸರಿಯಾಗಿ ಒಪ್ಪುತ್ತದೆ. ‘ಕಮೆಂಡ್’, ‘ಕಮೆಂಡಬಲ್’ ಎಂಬುವು ಬಹುಮಾನ ವಿತರಣೆಯ ವೇದಿಕೆಗೂ ಪ್ರಶಸ್ತಿಪತ್ರಕ್ಕೂ ಚೆನ್ನ. ಮನೆಯ ಜಗುಲಿಯ ಮೇಲೆ ಆಡಿದರೆ ಸರ್ಕಾರಿ ಸುತ್ತೋಲೆ ಓದಿದಂತಿರುತ್ತದೆ.

‘ಅಪ್ರಿಷಿಯೇಟ್’ ಬಗ್ಗೆ ಒಂದು ಮಾತು. ನಾವು ಇದನ್ನು ‘ಎದುರಿಗೇ ಹೊಗಳಿದರು’ ಎಂಬ ಅರ್ಥದಲ್ಲಿ ಬಳಸುತ್ತೇವೆ: ‘ದ ಆಫೀಸರ್ ಅಪ್ರಿಷಿಯೇಟೆಡ್ ಮಿ’. ಹೊರಗಿನವರಿಗೆ ಇದು ‘ಅಧಿಕಾರಿ ಮನಸ್ಸಿನಲ್ಲಿ ನನ್ನ ಬೆಲೆ ಅರಿತಿದ್ದರು’ ಎಂದು ಕೇಳಿಸುತ್ತದೆ. ಬಾಯಿ ಬಿಟ್ಟು ಹೇಳಿದರೋ ಇಲ್ಲವೋ ತಿಳಿಯದು. ಎದುರಿಗೆ ಹೊಗಳಿದ್ದರೆ ‘ಪ್ರೇಸ್ಡ್’ ಅಥವಾ ‘ಕಾಂಪ್ಲಿಮೆಂಟೆಡ್’ ಎನ್ನಿ. ‘ಐ ಅಪ್ರಿಷಿಯೇಟ್ ಯುವರ್ ಹೆಲ್ಪ್’ ಎಂಬುದು ಹೊಗಳಿಕೆಗಿಂತ ಹೆಚ್ಚಾಗಿ ಕೃತಜ್ಞತೆ. ‘ಐ ಆಮ್ ಅಪ್ರಿಷಿಯೇಟಿಂಗ್’ ಎಂಬ ರೂಪ ಬೇಡ.

ನಾಲ್ಕನೆಯ ಹೆಜ್ಜೆ: ಯಾವುದು ಹಿಡಿಸಿತು ಎಂದು ಹೇಳಿ

ಕುಕನೂರು ತಾಲ್ಲೂಕಿನ ಇಟಗಿಯಲ್ಲಿ ಮಹಾದೇವ ದೇವಾಲಯವಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. 1112ರ ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ‘ಬಹಳ ಸುಂದರ’ ಎಂದಿದ್ದರೆ ಇಷ್ಟು ಕಾಲ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಇಂದು ಆ ಗುಡಿಗೆ ಹೋದ ನಮ್ಮ ಹುಡುಗರು ಫೋಟೋದ ಕೆಳಗೆ ಬರೆಯುವುದು ‘ನೈಸ್ ಟೆಂಪಲ್’. ಚಕ್ರವರ್ತಿಗೆ ‘ನೈಸ್’ ಎಂದರೆ ಹೇಗೆ?

ವಸ್ತುವಿನ ಯಾವ ಭಾಗ ಕಣ್ಣಿಗೆ ಬಿತ್ತು ಎಂದು ಮೊದಲು ಕೇಳಿಕೊಳ್ಳಿ, ಪದ ತಾನಾಗಿ ಬರುತ್ತದೆ. ಇಟಗಿಯ ಕಂಬಗಳ ಕುಸುರಿಗೆ ‘ಇಂಟ್ರಿಕೇಟ್’: ಸೂಕ್ಷ್ಮವಾದ, ಹೆಣೆದುಕೊಂಡ ಕೆಲಸಕ್ಕೆ ಈ ಪದ. ಒಟ್ಟು ಕಟ್ಟಡದ ಗಾಂಭೀರ್ಯಕ್ಕೆ ‘ಮೆಜೆಸ್ಟಿಕ್’. ಅಂಜನಾದ್ರಿಯ ಮೆಟ್ಟಿಲು ಹತ್ತಿ ಮೇಲೆ ನಿಂತು ತುಂಗಭದ್ರೆಯನ್ನೂ ಗದ್ದೆ, ಬಂಡೆಗಳನ್ನೂ ನೋಡಿದರೆ ‘ಬ್ರೆತ್‌ಟೇಕಿಂಗ್’, ‘ಸ್ಟನಿಂಗ್’. ಹತ್ತುವಾಗಲೂ ಉಸಿರು ಕಟ್ಟಿರುತ್ತದೆ, ಅದು ಬೇರೆ.

ಕಿನ್ನಾಳದ ಗೊಂಬೆಗಳನ್ನು ಮಾರುವವರಿಗೂ ಕೊಳ್ಳುವವರಿಗೂ ಇಂಥ ಪದಗಳು ಬಹಳ ಉಪಯೋಗಕ್ಕೆ ಬರುತ್ತವೆ. ಚಿತ್ರಗಾರರ ಮನೆತನಗಳು ಹಗುರ ಮರದಿಂದ ಇವನ್ನು ಕೆತ್ತುತ್ತಾರೆ. ಹುಣಸೆಬೀಜದ ಅಂಟು, ಮರದ ಹೊಟ್ಟಿನ ಮಿಶ್ರಣ ಮೆತ್ತಿ ಬಣ್ಣ ಬಳಿಯುತ್ತಾರೆ. ಭೌಗೋಳಿಕ ಸೂಚಕ ಮಾನ್ಯತೆಯೂ ಈ ಕಲೆಗಿದೆ. ಇದನ್ನು ‘ಸೂಪರ್ ಟಾಯ್’ ಎಂದು ಮುಗಿಸಬಾರದು. ಕೈಯಲ್ಲಿ ಹಿಡಿದರೆ ‘ಸರ್ಪ್ರೈಸಿಂಗ್ಲಿ ಲೈಟ್’. ಮುಖದ ಭಾವಕ್ಕೆ ‘ಎಕ್ಸ್‌ಪ್ರೆಸಿವ್’. ಬಣ್ಣಕ್ಕೆ ‘ವೈಬ್ರಂಟ್’ ಅಥವಾ ‘ಬ್ಯೂಟಿಫುಲ್ಲಿ ಪೇಂಟೆಡ್’. ಗಟ್ಟಿತನಕ್ಕೆ ‘ವೆಲ್ ಮೇಡ್’. ಕೇಳಲು ಸಪ್ಪೆಯಾದರೂ ಕುಶಲಕರ್ಮಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ತೀರಾ ನಾಜೂಕಾದ ಕೆಲಸಕ್ಕೆ ‘ಎಕ್ಸ್‌ಕ್ವಿಸಿಟ್’. ವರ್ಷಕ್ಕೆ ಒಂದೆರಡು ಸಲ ಹೊರತೆಗೆಯುವ ರೇಷ್ಮೆ ಸೀರೆಯಂತೆ ಇದನ್ನು ಕಾಪಿಟ್ಟು ಬಳಸಿ.

ಮನುಷ್ಯರ ಕೆಲಸಕ್ಕೂ ಇದೇ ಕ್ರಮ. ‘ಯು ಆರ್ ಗ್ರೇಟ್’ ಎನ್ನುವ ಬದಲು ‘ಯು ಹ್ಯಾಂಡಲ್ಡ್ ದಟ್ ಕಸ್ಟಮರ್ ವೆರಿ ಕಾಮ್ಲಿ’ ಎನ್ನಿ. ಮೊದಲನೆಯದು ಹಾರಿಹೋಗುತ್ತದೆ, ಎರಡನೆಯದನ್ನು ಕೇಳಿದವರು ಮನೆಗೆ ಹೋಗಿ ಹೇಳಿಕೊಳ್ಳುತ್ತಾರೆ.

ವಾಕ್ಯ ಕಟ್ಟುವಾಗ ಕಾಲು ಜಾರುವ ಜಾಗಗಳು

ಉದ್ಗಾರಕ್ಕೆ ‘ವಾಟ್ ಎ’ ಬಳಸಿ: ‘ವಾಟ್ ಎ ಬ್ಯೂಟಿಫುಲ್ ಸಾರಿ!’ ಆದರೆ ‘ವರ್ಕ್’, ‘ನ್ಯೂಸ್’, ‘ಅಡ್ವೈಸ್’, ‘ಫರ್ನಿಚರ್’ ಎಣಿಸಲು ಬಾರದ ನಾಮಪದಗಳು, ಇವುಗಳ ಮುಂದೆ ‘ಎ’ ಕೂರುವುದಿಲ್ಲ. ‘ವಾಟ್ ಗುಡ್ ನ್ಯೂಸ್!’ ‘ದಿಸ್ ಈಸ್ ಗುಡ್ ವರ್ಕ್.’ ‘ಯು ಡಿಡ್ ಎ ಗುಡ್ ಜಾಬ್’ ಸರಿ, ‘ಯು ಡಿಡ್ ಎ ಗುಡ್ ವರ್ಕ್’ ತಪ್ಪು. ಕ್ರಿಯೆಯನ್ನು ಹೊಗಳುವಾಗ ‘ವೆಲ್’: ‘ಯು ಸ್ಪೋಕ್ ವೆಲ್’. ಕೌಶಲಕ್ಕೆ ‘ಗುಡ್ ಅಟ್’: ‘ಶಿ ಈಸ್ ಗುಡ್ ಅಟ್ ಅಕೌಂಟ್ಸ್’. ಅಭಿನಂದನೆಗೆ ಕೊನೆಯ ಎಸ್ ಅಕ್ಷರ ಬಿಡದೆ ‘ಕಂಗ್ರಾಚುಲೇಷನ್ಸ್’, ಅದರ ಹಿಂದೆ ‘ಆನ್’: ‘ಕಂಗ್ರಾಚುಲೇಷನ್ಸ್ ಆನ್ ಯುವರ್ ಪ್ರಮೋಷನ್’. ‘ಕ್ಯುಡೋಸ್’ ಗ್ರೀಕಿನಿಂದ ಬಂದದ್ದು. ಕೊನೆಯ ಎಸ್ ಬಹುವಚನದ್ದಲ್ಲ, ಹಾಗಾಗಿ ಒಬ್ಬರಿಗೆ ಹೇಳುವಾಗ ‘ಕ್ಯುಡೋ’ ಎಂದು ಕತ್ತರಿಸಬೇಡಿ. ಹಾಡು, ನಾಟಕ ಮುಗಿದಾಗ ‘ಬ್ರಾವೋ’ ಎನ್ನಬಹುದು, ಕಚೇರಿಯ ಕಡತಕ್ಕೆ ಬೇಡ.

ಹೊಗಳಲು ಹೋಗಿ ತೆಗಳುವ ಪದಗಳು

ಕೆಲವು ಪದಗಳಿಗೆ ನಮ್ಮ ದೇಶದಲ್ಲಿ ಒಂದು ಬೆಲೆ, ಹೊರಗೆ ಇನ್ನೊಂದು. ವಧುವಿನ ಜಾಹೀರಾತುಗಳಲ್ಲಿ ಬರುವ ‘ಹೋಮ್ಲಿ’ ನಮಗೆ ಮನೆತನಕ್ಕೆ ಒಗ್ಗುವ ಹುಡುಗಿ. ಅಮೆರಿಕದಲ್ಲಿ ಅದರ ಅರ್ಥ ‘ನೋಡಲು ಚೆನ್ನಾಗಿಲ್ಲ’. ಬ್ರಿಟನ್ನಿನಲ್ಲಿ ಕೋಣೆಯನ್ನೋ ಊಟವನ್ನೋ ‘ಹೋಮ್ಲಿ’ ಎಂದರೆ ಮನೆಯಂತೆ ಹಿತವಾಗಿದೆ ಎಂದು. ನಿಮ್ಮ ಹೋಂಸ್ಟೇಗೆ ಈ ಪದ ಬೇಕಿದ್ದರೆ ‘ಹೋಮಿ’ ಅಥವಾ ‘ಕೋಝಿ’ ಹಾಕಿ, ಎಲ್ಲ ದೇಶದವರಿಗೂ ಸರಿಹೋಗುತ್ತದೆ.

‘ಹಿ ಈಸ್ ಎ ಸಿಂಪಲ್ ಮ್ಯಾನ್’ ಎಂದು ನಾವು ಆಡಂಬರವಿಲ್ಲದ ವ್ಯಕ್ತಿಯನ್ನು ಗೌರವಿಸುತ್ತೇವೆ. ಬುದ್ಧಿ ಸ್ವಲ್ಪ ಮಂದ ಎಂಬ ಅರ್ಥವೂ ಅದರಿಂದ ಹೊರಡಬಹುದು. ‘ಡೌನ್ ಟು ಅರ್ತ್’, ‘ಅನಸ್ಯೂಮಿಂಗ್’ ಇದಕ್ಕೆ ಸರಿಯಾದ ಪದಗಳು. ಶಿಫಾರಸು ಪತ್ರಗಳಲ್ಲಿ ಎಲ್ಲ ವಿದ್ಯಾರ್ಥಿಗಳೂ ‘ಸಿನ್ಸಿಯರ್’. ನಾವು ಹೇಳಹೊರಟಿರುವುದು ಶ್ರದ್ಧೆಯ ಮಾತು, ಪದ ಹೇಳುವುದು ಕಪಟವಿಲ್ಲದ ಮನಸ್ಸಿನ ಮಾತು. ಶ್ರದ್ಧೆಗೆ ‘ಡಿಲಿಜೆಂಟ್’, ‘ಕಾನ್ಷಿಯೆನ್ಷಸ್’, ಇಲ್ಲವೇ ಸರಳವಾಗಿ ‘ಹಾರ್ಡ್‌ವರ್ಕಿಂಗ್’ ಬರೆಯಿರಿ. ‘ಕ್ಲೆವರ್’ ಪದಕ್ಕೆ ಚಾಲಾಕಿತನದ ಸಣ್ಣ ವಾಸನೆಯಿದೆ; ಹಿರಿಯರಿಗೆ ಬಳಸದಿರುವುದು ಕ್ಷೇಮ. ‘ಸ್ಮಾರ್ಟ್’ ಬ್ರಿಟನ್ನಿನಲ್ಲಿ ಮುಖ್ಯವಾಗಿ ಉಡುಪಿನ ಅಚ್ಚುಕಟ್ಟು, ಅಮೆರಿಕದಲ್ಲಿ ಬುದ್ಧಿ. ಮೈ ತುಂಬಿಕೊಂಡವರಿಗೆ ‘ಯು ಆರ್ ಲುಕಿಂಗ್ ಹೆಲ್ದಿ’ ಎನ್ನುವ ನಮ್ಮ ಪದ್ಧತಿಯನ್ನು ಪೂರ್ತಿ ಕೈಬಿಡುವುದೇ ವಾಸಿ, ಯಾವ ಭಾಷೆಯಲ್ಲಾದರೂ.

‘ನಟೋರಿಯಸ್’ ಎಂದರೆ ಕುಖ್ಯಾತ. ಊರಿನ ಮಿರ್ಚಿ ಭಜಿ ಅಂಗಡಿಯನ್ನು ‘ನಟೋರಿಯಸ್ ಫಾರ್ ಮಿರ್ಚಿ’ ಎಂದು ಪರಿಚಯಿಸಿದರೆ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ದೂರ ಹೋಗುತ್ತಾರೆ, ‘ಫೇಮಸ್’ ಸಾಕು. ‘ಟೆರಿಫಿಕ್’ ಮತ್ತು ‘ಟೆರಿಬಲ್’ ನೋಡಲು ಅಣ್ಣತಮ್ಮಂದಿರು, ಹುಟ್ಟೂ ಒಂದೇ, ಎರಡಕ್ಕೂ ಮೂಲದಲ್ಲಿ ಭಯದ ಅರ್ಥ. ಇಂದು ‘ಟೆರಿಫಿಕ್’ ಅಮೋಘ, ‘ಟೆರಿಬಲ್’ ಅಧ್ವಾನ. ‘ಆಸಮ್’ ಮತ್ತು ‘ಆಫುಲ್’ ಜೋಡಿಯದೂ ಅದೇ ಕಥೆ. ನಾಲಿಗೆ ತಡವರಿಸುವ ಭಯವಿದ್ದರೆ ‘ಗ್ರೇಟ್’ ಎಂದು ಪಾರಾಗಿ.

ನಿಮ್ಮನ್ನೇ ಹೊಗಳಿದಾಗ

ಇಲ್ಲಿ ನಾವು ಬಹಳ ಕಷ್ಟಪಡುತ್ತೇವೆ. ಹೊಗಳಿಕೆಯನ್ನು ತಳ್ಳಿಹಾಕುವುದೇ ವಿನಯ ಎಂದು ಬೆಳೆದವರು ನಾವು. ಅತಿಥಿ ‘ದ ಫುಡ್ ವಾಸ್ ವಂಡರ್‌ಫುಲ್’ ಎಂದರೆ ‘ನೋ, ನೋ, ನಥಿಂಗ್’ ಎನ್ನುತ್ತೇವೆ. ಅವರ ರುಚಿಯೇ ತಪ್ಪು ಎಂದಂತಾಗುತ್ತದೆ. ‘ಥ್ಯಾಂಕ್ ಯು, ಐ ಆಮ್ ಗ್ಲ್ಯಾಡ್ ಯು ಲೈಕ್ಡ್ ಇಟ್’ ಎಂದರೆ ಸಾಕು. ‘ದಟ್ಸ್ ವೆರಿ ಕೈಂಡ್ ಆಫ್ ಯು’ ಇನ್ನೂ ಮೃದು. ವಿನಯ ಉಕ್ಕುತ್ತಿದ್ದರೆ ಪಾಲು ಹಂಚಿ: ‘ಥ್ಯಾಂಕ್ ಯು, ಮೈ ಮದರ್ ಮೇಡ್ ದ ಚಟ್ನಿ’. ‘ಸೇಮ್ ಟು ಯು’ ಹಬ್ಬದ ಶುಭಾಶಯಕ್ಕೆ ಮಾತ್ರ. ‘ಮೆನ್ಷನ್ ನಾಟ್’ ಎಂಬುದನ್ನು ಬಿಟ್ಟುಬಿಡಿ. ಹೊರಗಿನವರು ಹೇಳುವುದು ‘ಡೋಂಟ್ ಮೆನ್ಷನ್ ಇಟ್’, ಅದೂ ಧನ್ಯವಾದಕ್ಕೆ ಉತ್ತರವಾಗಿ, ಹೊಗಳಿಕೆಗೆ ಅಲ್ಲ.

ಕೊನೆಗೆ, ಫಲಕ ಬರೆಸುವವರಿಗೆ. ಮೆಚ್ಚುಗೆಯ ಮಾತಿಗೆ ‘ಕಾಂಪ್ಲಿಮೆಂಟ್’ ಎನ್ನುತ್ತಾರೆ, ಪೂರಕವಾದದ್ದಕ್ಕೂ ‘ಕಾಂಪ್ಲಿಮೆಂಟ್’ ಎಂದೇ ಉಚ್ಚಾರ. ಎಲ್ ಅಕ್ಷರದ ನಂತರ ಐ ಇದ್ದರೆ ಮೆಚ್ಚುಗೆ, ಇ ಇದ್ದರೆ ಪೂರಕ. ‘ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್’ ಎಂದು ಉಚಿತ ಉಪಾಹಾರದ ಫಲಕ ಹಾಕುವಾಗ ಬೇಕಾಗುವುದು ಐ ಇರುವ ಪದ. ಇ ಹಾಕಿ ಬರೆಸಿದರೆ ಇಡ್ಲಿ ಯಾವುದಕ್ಕೆ ಪೂರಕ ಎಂದು ಅತಿಥಿ ಕೇಳಲಿಕ್ಕಿಲ್ಲ, ಆದರೆ ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ.